ಕಂಟ್ರೋಲ್-ಆರ್ ಒತ್ತಿ ಹುಡುಕಿದ ಮೇಲೆ ಕರ್ಸರ್ ಎಲ್ಲಿರಬೇಕು?

ಕಲಬುರಗಿಯ ನೆಹರು ಗಂಜ್‌ನಲ್ಲಿ ಒಂದು ಅಡತ್ ಅಂಗಡಿಯ ಕಂಪ್ಯೂಟರ್ ನೋಡಿಕೊಳ್ಳುತ್ತೇನೆ. ತಿಂಗಳ ಕೊನೆಗೆ ತೊಗರಿ ಬಿಲ್‌ಗಳ ಫೋಲ್ಡರನ್ನು ಟಾರ್ ಮಾಡಿ, ಅಂದರೆ ಟಾರ್ ಎಂಬ ಕಮಾಂಡ್‌ನಿಂದ ಒಂದೇ ಫೈಲಾಗಿ ಕಟ್ಟಿ, ಎತ್ತಿಡಬೇಕು. ಒಮ್ಮೆ ಮೇ ತಿಂಗಳ ಬ್ಯಾಕಪ್‌ಗೆ ಕೂತವನು ಟರ್ಮಿನಲ್‌ನಲ್ಲಿ ಹಿಂದೆ ಬರೆದ ಕಮಾಂಡ್‌ಗಳನ್ನು ಹುಡುಕುವ ಕಂಟ್ರೋಲ್-ಆರ್ ಒತ್ತಿ, ಟಾರ್ ಅಂತ ಹುಡುಕಿ, ಏಪ್ರಿಲ್‌ನ ಹಳೆ ಕಮಾಂಡ್ ಕಂಡ ಕೂಡಲೇ ಎಂಟರ್ ಹೊಡೆದುಬಿಟ್ಟೆ. ಏಪ್ರಿಲ್ ಫೋಲ್ಡರನ್ನು ಅಷ್ಟೊತ್ತಿಗೆ ಅಳಿಸಿಯಾಗಿತ್ತು. ಫೋಲ್ಡರ್ ಇಲ್ಲ ಅಂತ ಟಾರ್ ಹೇಳಿತು ನಿಜ, ಆದರೆ ಒಳ್ಳೆಯ ಬ್ಯಾಕಪ್ ಮೇಲೆ ಖಾಲಿ ಫೈಲ್ ಬರೆದೂ ಮುಗಿಸಿತ್ತು. ಒಂದು ತಿಂಗಳ ಬಿಲ್‌ಗಳನ್ನು ಕಾಗದ ನೋಡಿ ಮತ್ತೆ ಟೈಪ್ ಮಾಡಿದ್ದೇವೆ.

ಅದಕ್ಕೇ ಮೊದಲನೇ ಮಾತು: ಕಮಾಂಡ್ ಸಿಕ್ಕ ಮೇಲೆ ಎಂಟರ್ ಬೇಡ, ಕಂಟ್ರೋಲ್-ಇ ಒತ್ತಿ.

ಬ್ಯಾಶ್‌ನಲ್ಲಿ (ಟರ್ಮಿನಲ್‌ನಲ್ಲಿ ನಾವು ಬರೆದ ಕಮಾಂಡ್ ಓಡಿಸುವ ಶೆಲ್ ಪ್ರೋಗ್ರಾಂ) ಹುಡುಕಾಟ ನಡೆಯುತ್ತಿರುವಾಗ ಕರ್ಸರ್ ನೀವು ಹುಡುಕಿದ ಪದದ ಹತ್ತಿರವೇ ನಿಂತಿರುತ್ತದೆ, ಸಾಲಿನ ಕೊನೆಗೆ ಹೋಗುವುದಿಲ್ಲ. ಆಗ ಏನು ಟೈಪ್ ಮಾಡಿದರೂ ಅದು ಹುಡುಕುವ ಪದಕ್ಕೇ ಸೇರುತ್ತದೆ. ಕಂಟ್ರೋಲ್-ಇ ಒತ್ತಿದರೆ ಹುಡುಕಾಟ ನಿಲ್ಲುತ್ತದೆ, ಕರ್ಸರ್ ಕೊನೆಗೆ ಬರುತ್ತದೆ, ಕಮಾಂಡ್ ಓಡುವುದಿಲ್ಲ. ನನ್ನ ಕಮಾಂಡ್‌ನ ಕೊನೆಯ ಎರಡು ಪದಗಳು ಬ್ಯಾಕಪ್ ಫೈಲಿನ ಹೆಸರು ಮತ್ತು ಫೋಲ್ಡರಿನ ಹೆಸರು. ಕಂಟ್ರೋಲ್-ಡಬ್ಲ್ಯು ಎರಡು ಸಲ ಒತ್ತಿದರೆ ಎರಡೂ ಅಳಿಯುತ್ತವೆ, ಅಲ್ಲಿ ಮೇ ತಿಂಗಳದ್ದು ಬರೆದರಾಯಿತು. ಹುಡುಕಾಟವೇ ಬೇಡ ಅನ್ನಿಸಿದರೆ ಕಂಟ್ರೋಲ್-ಜಿ, ಮೊದಲಿದ್ದ ಸಾಲು ವಾಪಸ್ ಬರುತ್ತದೆ.

ದಿನವೂ ಬೇಕಾಗುವವರು ಮೇಲಿನ ಬಾಣದ ಕೀಗೆ ಹಳೆ ಕಮಾಂಡ್ ಹುಡುಕುವ ಕೆಲಸ ಕೊಡಿ. ಹೋಮ್ ಫೋಲ್ಡರ್‌ನಲ್ಲಿ ಡಾಟ್ ಇನ್‌ಪುಟ್‌ಆರ್‌ಸಿ (.inputrc) ಎಂಬ ಫೈಲ್ ತೆರೆದು ಒಂದು ಸಾಲು ಬರೆಯಿರಿ: ಡಬಲ್ ಕೋಟ್, ಬ್ಯಾಕ್‌ಸ್ಲ್ಯಾಶ್, ಸಣ್ಣ ಇ, ಎಡ ಚೌಕ ಬ್ರಾಕೆಟ್, ದೊಡ್ಡ ಎ, ಡಬಲ್ ಕೋಟ್, ಕೋಲನ್, ಸ್ಪೇಸ್, ಆಮೇಲೆ ಹಿಸ್ಟರಿ-ಸರ್ಚ್-ಬ್ಯಾಕ್‌ವರ್ಡ್, ನಡುವೆ ಹೈಫನ್ ಇರಲಿ, ಎಲ್ಲಾ ಸಣ್ಣ ಅಕ್ಷರ. ಹೊಸ ಟರ್ಮಿನಲ್ ತೆರೆದು ಟಾರ್ ಅಂತ ಬರೆದು ಬಾಣ ಒತ್ತಿ, ಟಾರ್‌ನಿಂದ ಶುರುವಾಗುವ ಹಳೆ ಕಮಾಂಡ್‌ಗಳು ಮಾತ್ರ ಬರುತ್ತವೆ. ಕರ್ಸರ್ ನೀವು ಬರೆದ ಅಕ್ಷರಗಳ ಪಕ್ಕದಲ್ಲೇ ಇರುತ್ತದೆ, ಹಾಗಾಗಿ ಮತ್ತೆ ಒತ್ತಿದರೆ ಹುಡುಕಾಟ ಮುಂದುವರಿಯುತ್ತದೆ. ತಿದ್ದುವ ಮುಂಚೆ ಇಲ್ಲೂ ಕಂಟ್ರೋಲ್-ಇ ಬೇಕು.

2019ರಿಂದ ಮ್ಯಾಕ್‌ಗಳಲ್ಲಿ ಬ್ಯಾಶ್ ಬದಲು ಝಡ್‌ಶೆಲ್ (zsh) ಎಂಬ ಶೆಲ್ ಡಿಫಾಲ್ಟ್ ಆಗಿದೆ. ಅದರ ಅಪ್-ಲೈನ್-ಆರ್-ಬಿಗಿನಿಂಗ್-ಸರ್ಚ್ ಅನ್ನು ಬಾಣದ ಕೀಗೆ ಜೋಡಿಸಿದರೆ ಕರ್ಸರ್ ತಾನೇ ಸಾಲಿನ ಕೊನೆಗೆ ಹೋಗುತ್ತದೆ. ನನಗೆ ಇದೇ ಜಾಸ್ತಿ ಇಷ್ಟ.

ಇನ್ನೊಂದು. ಹುಡುಕುವಾಗ ಬೇಕಾದ ಕಮಾಂಡ್ ದಾಟಿ ಹೋದರೆ ಮುಂದಕ್ಕೆ ಬರಲು ಕಂಟ್ರೋಲ್-ಎಸ್ ಇದೆ, ಆದರೆ ಎಷ್ಟೋ ಟರ್ಮಿನಲ್‌ಗಳಲ್ಲಿ ಅದನ್ನು ಒತ್ತಿದರೆ ಪರದೆಯೇ ನಿಂತುಬಿಡುತ್ತದೆ. ಗಾಬರಿ ಬೇಡ, ಕಂಟ್ರೋಲ್-ಕ್ಯು ಒತ್ತಿ.