ಔಷಧಿಗೆ ಉಣುಗು ಸಾಯುತ್ತಾ, ಮುಳುಗಿಸಿ ನೋಡಿ

ಔಷಧಿ ಸಿಂಪಡಿಸಿ ನಾಲ್ಕು ದಿನ ಆಗಿಲ್ಲ, ಹಸುವಿನ ಕೆಚ್ಚಲ ಸುತ್ತ ಮತ್ತೆ ಉಣುಗು. ಸುಮ್ನೆ ಡೋಸ್ ಜಾಸ್ತಿ ಮಾಡಬೇಡಿ. ನಾನು ಲ್ಯಾಬ್‌ನಲ್ಲಿ ಮಾಡುವ ಪರೀಕ್ಷೆ ಹೇಳುತ್ತೇನೆ: ಒಂದು ಗುಂಪು ಉಣುಗನ್ನು ಔಷಧಿಯಲ್ಲಿ, ಇನ್ನೊಂದನ್ನು ಬರೀ ನೀರಲ್ಲಿ ಅದ್ದಿ, ಎಷ್ಟು ಮೊಟ್ಟೆ ಇಡುತ್ತವೆ ಅಂತ ಹೋಲಿಸುವುದು.

ಬೇಕಾಗಿರುವುದು ರಕ್ತ ಕುಡಿದು ಉಬ್ಬಿದ ಹೆಣ್ಣುಗಳು. ಹರಳು ಬೀಜದಷ್ಟು ಇರುತ್ತವೆ. (ಹರಳಿನ ಲ್ಯಾಟಿನ್ ಹೆಸರು ರಿಸಿನಸ್, ಅಂದರೆ ಉಣುಗು!) ಇತ್ತೀಚೆಗೆ ಔಷಧಿ ಹಾಕದ ದನಗಳಿಂದ ಬೆಳಿಗ್ಗೆ ಬೇಗ ಆರಿಸಿ. ಆಗ ತಾವಾಗಿಯೇ ಉದುರುವ ಹಂತದಲ್ಲಿರುತ್ತವೆ, ಮೆಲ್ಲಗೆ ತಿರುವಿದರೆ ಬಿಡುತ್ತವೆ. ಮೊದಲ ಸಲ ನಾನು ಅವಸರದಲ್ಲಿ ಎಳೆದು ಕಿತ್ತಿದ್ದೆ. ಬಾಯಿ ಚರ್ಮದಲ್ಲೇ ಉಳಿಯಿತು, ಬರೀ ನೀರಲ್ಲಿ ಅದ್ದಿದವೂ ಅರ್ಧಕ್ಕರ್ಧ ಸತ್ತವು. ನೀರಿನ ಗುಂಪು ಇಟ್ಟಿರದಿದ್ದರೆ ‘ಎಂಥಾ ಔಷಧಿ!’ ಅಂದುಬಿಡುತ್ತಿದ್ದೆ.

ತೂತು ಮಾಡಿದ ಡಬ್ಬಿಯಲ್ಲಿ ಅವತ್ತೇ ತನ್ನಿ. ತೊಳೆದು, ಒರೆಸಿ, ಹತ್ತತ್ತರ ಗುಂಪು ಮಾಡಿ ತೂಗಿ. ಗುಂಪುಗಳ ತೂಕ ಸುಮಾರು ಒಂದೇ ಇರಲಿ. ಕೈಗೆ ಗ್ಲೌಸ್ ಹಾಕಿ, ಲೇಬಲ್‌ನಲ್ಲಿ ಹೇಳಿದ ಪ್ರಮಾಣದಲ್ಲೇ ಔಷಧಿ ಕಲಸಿ. ಒಂದು ಗುಂಪನ್ನು ಅದರಲ್ಲಿ, ಇನ್ನೊಂದನ್ನು ನೀರಲ್ಲಿ ಎರಡು ನಿಮಿಷ ಮುಳುಗಿಸಿ. ಫಿಲ್ಟರ್ ಪೇಪರ್ ಮೇಲೆ ಆರಿಸಿ, ಪೆಟ್ರಿ ಡಿಶ್‌ಗೆ ಹಾಕಿ, 27–28 ಡಿಗ್ರಿ ಸೆಲ್ಸಿಯಸ್‌ನಲ್ಲಿ, ತೇವ ಶೇ. 85ಕ್ಕಿಂತ ಕಡಿಮೆ ಆಗದಂತೆ ಎರಡು ವಾರ ಇಡಿ.

ಕಾಲು ಅಲ್ಲಾಡಿಸುತ್ತಿದೆಯಾ ಅಂತ ನೋಡಿ ತೀರ್ಮಾನಿಸಬೇಡಿ. ಸತ್ತಂತೆ ಬಿದ್ದಿರುವುದೂ ಮೊಟ್ಟೆ ಇಡಬಹುದು. ಕಂದು ಬಣ್ಣದ, ಮಿರಮಿರ ಹೊಳೆಯುವ, ಒಂದಕ್ಕೊಂದು ಅಂಟಿದ ಮುದ್ದೆ ಅದು. ನಾವು ತೂಗಬೇಕಾದ್ದು ಅದನ್ನೇ.

ಲೆಕ್ಕ ಸುಲಭ. ನೀರಿನ ಗುಂಪಿನ 2 ಗ್ರಾಂ ಉಣುಗು 0.9 ಗ್ರಾಂ ಮೊಟ್ಟೆ ಇಟ್ಟಿತು ಅನ್ನಿ. ಭಾಗಿಸಿದರೆ 0.45. ಔಷಧಿಯ ಗುಂಪಿನ 2 ಗ್ರಾಂ 0.36 ಗ್ರಾಂ ಇಟ್ಟಿತು, ಅಂದರೆ 0.18. 0.45ರಲ್ಲಿ 0.27 ಕಮ್ಮಿಯಾಯಿತು, ಶೇ. 60. ಮಿಕ್ಕ ಶೇ. 40 ಮೊಟ್ಟೆ ಸಾಕು, ಕೊಟ್ಟಿಗೆ ತುಂಬಲು. ಒಂದೊಂದು ಹೆಣ್ಣೂ ಸಾವಿರಗಟ್ಟಲೆ ಇಡುತ್ತೆ ಅಲ್ವಾ. ಹಾಗಾಗಿ ಪರೀಕ್ಷೆ ಮುಗಿದದ್ದನ್ನು ಅಂಗಳಕ್ಕೆ ಎಸೆಯಬೇಡಿ, ಕುದಿಯುವ ನೀರಿಗೆ ಹಾಕಿ.

ಫಲಿತಾಂಶ ಹೀಗೆ ಬಂದರೆ ಪಶುವೈದ್ಯರಿಗೆ ತೋರಿಸಿ, ಬೇರೆ ಜಾತಿಯ ಔಷಧಿಗೇ ಬದಲಿಸಿ. ಡೆಲ್ಟಾಮೆಥ್ರಿನ್ ಸೋತಾಗ ಸೈಪರ್‌ಮೆಥ್ರಿನ್ ತಂದರೆ ಪ್ರಯೋಜನ ಕಡಿಮೆ, ಎರಡೂ ಒಂದೇ ಮನೆಯವು. ಅಮಿಟ್ರಾಜ್ ಬೇರೆ ಮನೆಯದು. ಅದನ್ನು ಪರೀಕ್ಷಿಸುವಾಗ ಮೊಟ್ಟೆ ತೂಗಿ ನಿಲ್ಲಿಸಬೇಡಿ, ಮರಿ ಹೊರಬರುತ್ತಾ ಅಂತ ಇನ್ನೂ ಮೂರ್ನಾಲ್ಕು ವಾರ ನೋಡಿ.