ಹದಿಹರೆಯದವರ ದೆವ್ವದ ಕಾದಂಬರಿಯ ಬಗ್ಗೆ ಅಭಿಪ್ರಾಯ ಬರೆಯುವುದು ಹೇಗೆ

ಮಂಡ್ಯದ ನಮ್ಮ ಮನೆಯ ಮಹಡಿಯಲ್ಲಿ ತಿಂಗಳಿಗೊಂದು ಭಾನುವಾರ ಪಿಯುಸಿ ಓದುವ ಹತ್ತು ಹನ್ನೆರಡು ಮಕ್ಕಳು ಸೇರಿ, ತಾವು ಓದಿದ ಪುಸ್ತಕದ ಬಗ್ಗೆ ಬರೆದು ತಂದದ್ದನ್ನು ಒಬ್ಬರಿಗೊಬ್ಬರು ಓದಿ ಹೇಳುತ್ತಾರೆ. ಅವರು ಹೆಚ್ಚಾಗಿ ಆರಿಸಿಕೊಳ್ಳುವುದು ದೆವ್ವ, ಶಾಪ, ಮಾಟ, ಸತ್ತವರು ತಿರುಗಿ ಬರುವುದು, ಇಂಥ ವಿಷಯಗಳ ಕಾದಂಬರಿಗಳನ್ನೇ. ಓದುವಾಗ ಇದ್ದ ಉತ್ಸಾಹ ಬರೆಯುವ ಹೊತ್ತಿಗೆ ಎಲ್ಲಿಗೆ ಹೋಗುತ್ತದೆಯೋ ಕಾಣೆ. ಒಂದೂವರೆ ಪುಟ ಕಥೆಯ ಸಾರಾಂಶ, ಕೊನೆಗೆ ‘ತುಂಬಾ ಭಯವಾಯಿತು, ಎಲ್ಲರೂ ಓದಲೇಬೇಕು’ ಎಂಬ ಸಾಲು, ಇಲ್ಲವೇ ‘ಇದೆಲ್ಲ ಮೂಢನಂಬಿಕೆ’ ಎಂಬ ತೀರ್ಪು. ಎರಡರಲ್ಲೂ ಪುಸ್ತಕ ಕಾಣೆಯಾಗಿರುತ್ತದೆ. ದೆವ್ವವಿದೆಯೆಂದು ನಾವು ನಂಬುತ್ತೇವೆಯೋ ಇಲ್ಲವೋ ಎಂಬುದು ಇಲ್ಲಿ ಅಳತೆಗೋಲಾಗದು. ತಾವು ತಂದ ದೆವ್ವಕ್ಕೆ ಲೇಖಕರು ತಾವೇ ಹಾಕಿದ ಕಟ್ಟಳೆಯನ್ನು ಕೊನೆಯವರೆಗೂ ಕಾಪಾಡಿದ್ದಾರೆಯೇ, ಆ ಕಟ್ಟಳೆಯ ಒಳಗೆ ಎಳೆಯ ಪಾತ್ರವೊಂದು ತಾನಾಗಿ ಏನು ಮಾಡಿತು, ಇವೆರಡೇ ಅಳತೆಗಳು ಎಂದು ನಾನು ಅವರಿಗೆ ಹೇಳುತ್ತ ಬಂದಿದ್ದೇನೆ. ಅದನ್ನು ಮಾಡುವ ದಾರಿಯನ್ನು ಇಲ್ಲಿ ಬರೆದಿದ್ದೇನೆ.

ಪುಸ್ತಕವನ್ನು ಎರಡು ಸಲ ಓದಬೇಕು. ಮೊದಲ ಸಲ ಪೆನ್ನು ಹಿಡಿಯದೆ, ಸಾಧ್ಯವಾದರೆ ರಾತ್ರಿಯಲ್ಲಿ, ಕಥೆ ಎಳೆದುಕೊಂಡು ಹೋದ ಕಡೆಗೆ ಹೋಗುತ್ತ ಓದಿರಿ. ಎಲ್ಲಿ ಮೈ ಜುಂ ಎಂದಿತೋ, ಎಲ್ಲಿ ಆಕಳಿಕೆ ಬಂತೋ, ಆ ಪುಟಗಳಲ್ಲಿ ಒಂದು ಚೀಟಿ ಇಟ್ಟರೆ ಸಾಕು. ಹಳೆಯ ಬಸ್ ಟಿಕೆಟ್ ಆದರೂ ಆದೀತು. ಗ್ರಂಥಾಲಯದ ಪುಸ್ತಕದಲ್ಲಿ ಮಾತ್ರ ದಯವಿಟ್ಟು ಗೆರೆ ಎಳೆಯಬೇಡಿ. ಎರಡನೆಯ ಸಲ ಹಗಲು ಹೊತ್ತಿನಲ್ಲಿ ಆ ಪುಟಗಳಿಗಷ್ಟೇ ಹಿಂದಿರುಗಿ, ಭಯ ಯಾವ ವಾಕ್ಯದಿಂದ ಹುಟ್ಟಿತು ಎಂದು ಹುಡುಕಿರಿ. ಅನೇಕ ಸಲ ಅದು ದೆವ್ವ ಕಾಣಿಸಿಕೊಂಡ ವಾಕ್ಯವಾಗಿರದೆ, ಅದಕ್ಕೆ ಎರಡು ಪುಟ ಮೊದಲೇ ಬಂದ ಸಣ್ಣದೊಂದು ವಿವರವಾಗಿರುತ್ತದೆ.

ಮಾತು ಗಾಳಿಯಲ್ಲಿ ಉಳಿಯಬಾರದೆಂದು ಒಂದು ಕಾದಂಬರಿಯನ್ನು ಕಲ್ಪಿಸಿಕೊಳ್ಳೋಣ. ಪಾಂಡವಪುರದ ಕಡೆಯ ಹಳ್ಳಿಯ ಹದಿನಾರು ವರ್ಷದ ಹುಡುಗಿ. ಅವಳ ಅಣ್ಣ ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯಲ್ಲಿ ಮುಳುಗಿ ತೀರಿಕೊಂಡಿದ್ದಾನೆ. ಕನ್ನಂಬಾಡಿಯಿಂದ ನಾಲೆಗೆ ನೀರು ಬಿಟ್ಟ ರಾತ್ರಿಗಳಲ್ಲಿ ಮಾತ್ರ ಅವಳಿಗೆ ಅಣ್ಣನ ಸೈಕಲ್ ಬೆಲ್ಲು ಏರಿಯ ಮೇಲಿಂದ ಕೇಳಿಸುತ್ತದೆ. ಇಷ್ಟರಲ್ಲೇ ಒಂದು ಕಟ್ಟಳೆ ಸಿಕ್ಕಿತು: ನೀರಿದ್ದರೆ ಬೆಲ್ಲು, ನೀರಿಲ್ಲದಿದ್ದರೆ ಮೌನ. ಕಟ್ಟು ನೀರು ಪದ್ಧತಿಯಲ್ಲಿ ಇಂತಿಷ್ಟು ದಿನ ನೀರು, ಇಂತಿಷ್ಟು ದಿನ ಬಿಡುವು ಎಂದು ಬದುಕುವ ಜನರಿಗೆ ಈ ಕಟ್ಟಳೆಯ ಭಾರ ತಟ್ಟನೆ ಅರ್ಥವಾಗುತ್ತದೆ. ಬೇರೆಯವರು ನೀರಿಗಾಗಿ ಕಾಯುವ ದಿನಗಳಲ್ಲಿ ಇವಳು ನೀರು ಬಾರದಿರಲಿ ಎಂದು ಬೇಡಿಕೊಳ್ಳುತ್ತಾಳೆ. ಇನ್ನು, ಒಣಗಿದ ನಾಲೆಯ ಪಕ್ಕದಲ್ಲಿ ಇಪ್ಪತ್ತನೆಯ ಅಧ್ಯಾಯದಲ್ಲಿ ಬೆಲ್ಲು ಕೇಳಿಸಿಬಿಟ್ಟಿತೆನ್ನಿ. ಅದಕ್ಕೆ ಕಾದಂಬರಿ ಕಾರಣ ಕೊಟ್ಟರೆ ಅದು ಕಥೆಯ ತಿರುವು, ಕೊಡದಿದ್ದರೆ ಲೇಖಕರ ತಪ್ಪು. ನಿಮ್ಮ ಅಭಿಪ್ರಾಯದಲ್ಲಿ ಈ ಕಟ್ಟಳೆಯನ್ನು ಒಂದೇ ವಾಕ್ಯದಲ್ಲಿ ಬರೆಯಲು ಪ್ರಯತ್ನಿಸಿರಿ. ಬರೆಯಲಾಗದಿದ್ದರೆ ನೀವು ಇನ್ನೊಮ್ಮೆ ಓದಬೇಕು, ಅಥವಾ ಕಾದಂಬರಿಯಲ್ಲಿ ಅದು ಇಲ್ಲವೇ ಇಲ್ಲ.

ಕಟ್ಟಳೆ ಎಂಬುದು ಹೊರಗಿನಿಂದ ತಂದ ಮಾತೇನೂ ಅಲ್ಲ. ಮನೆಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆಯುತ್ತಿದ್ದ ಕಾಲವನ್ನು ನೆನೆಯಿರಿ. ಆ ದೆವ್ವ ಅಕ್ಷರ ಬಲ್ಲದು, ಬರೆದದ್ದಕ್ಕೆ ಬದ್ಧವಾಗಿರುತ್ತದೆ, ಪ್ರತಿ ರಾತ್ರಿಯೂ ಓದಿ ಹಿಂದಿರುಗುತ್ತದೆ. ತಲಕಾಡಿನ ಶಾಪವಂತೂ ಇದಕ್ಕೆ ಮೇಲ್ಪಂಕ್ತಿ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ವಶಪಡಿಸಿಕೊಂಡ ಮೇಲೆ, ಒಡವೆಗಳಿಗಾಗಿ ಬೆನ್ನಟ್ಟಿ ಬಂದವರ ಕಣ್ಣೆದುರೇ, ಅದುವರೆಗೆ ಅಲ್ಲಿ ಆಳುತ್ತಿದ್ದವನ ಪತ್ನಿ ಅಲಮೇಲಮ್ಮ ಕಾವೇರಿಗೆ ಹಾರಿದಳೆಂದು ಐತಿಹ್ಯ. ‘ತಲಕಾಡು ಮರಳಾಗಲಿ, ಮಾಲಂಗಿ ಮಡುವಾಗಲಿ, ಮೈಸೂರು ದೊರೆಗಳಿಗೆ ಮಕ್ಕಳಾಗದಿರಲಿ’ ಎಂದು ಆಕೆ ಇಟ್ಟ ಶಾಪಕ್ಕೆ ಕಾರಣವಿದೆ, ಮೂರೇ ಗುರಿಗಳಿವೆ, ಅವುಗಳಾಚೆಗೆ ಅದು ಕೈಚಾಚುವುದಿಲ್ಲ. ನಾನೂರು ವರ್ಷವಾದರೂ ಜನ ಅದನ್ನು ತಪ್ಪಿಲ್ಲದೆ ಹೇಳುವುದಕ್ಕೆ ಈ ಬಿಗಿಯೇ ಕಾರಣವೆಂದು ನನಗೆ ಅನ್ನಿಸುತ್ತದೆ.

ತಲಕಾಡು ಮುಂದಿನ ಮೆಟ್ಟಿಲಿಗೂ ನೆರವಾಗುತ್ತದೆ. ಹೊಳೆಯ ತಿರುವಿನಲ್ಲಿ ಕೂಡಿದ ಮರಳನ್ನು ಗಾಳಿ ಊರಿನ ಮೇಲೆ ತಂದು ಸುರಿಯಿತು ಎಂಬುದು ಒಂದು ವಿವರಣೆ. ಶಾಪ ಫಲಿಸಿತು ಎಂಬುದು ಇನ್ನೊಂದು. ದಿಬ್ಬಗಳ ನಡುವೆ ಬರಿಗಾಲಲ್ಲಿ ನಡೆಯುವ ಮನುಷ್ಯನಿಗೆ ಎರಡೂ ಒಟ್ಟಿಗೆ ನಿಜವೆನಿಸುವ ಗಳಿಗೆಯೊಂದು ಬರುತ್ತದೆ. 1970ರಲ್ಲಿ ಪ್ರಕಟವಾದ ತಮ್ಮ ಅಧ್ಯಯನದಲ್ಲಿ ವಿಮರ್ಶಕ ತ್ಸ್ವೆತಾನ್ ತೊದೊರೊವ್ ಅದ್ಭುತ ಸಾಹಿತ್ಯದ ಜೀವಾಳವನ್ನು ಗುರುತಿಸಿದ್ದು ಈ ಗಳಿಗೆಯಲ್ಲಿಯೇ: ನಡೆದದ್ದು ಲೋಕದ ನಿಯಮಕ್ಕೆ ಸೇರಿದ್ದೋ, ಅದನ್ನು ಮೀರಿದ್ದೋ ಎಂದು ಓದುಗ ಹಿಂಜರಿಯುವ ಹೊತ್ತು. ನಮ್ಮ ಕಾದಂಬರಿಯಲ್ಲಿ ಬೆಲ್ಲು ತಂಗಿಗೊಬ್ಬಳಿಗೇ ಕೇಳಿಸುವವರೆಗೆ ಅದು ದುಃಖದ ಭ್ರಮೆಯಿರಬಹುದು. ಒಂದು ರಾತ್ರಿ ಅಡುಗೆಮನೆಯಲ್ಲಿ ಮುದ್ದೆ ತಿರುವುತ್ತಿದ್ದ ತಾಯಿಯ ಕೈ ತಟಕ್ಕನೆ ನಿಂತು, ಮರುಕ್ಷಣ ಏನೂ ಆಗದಂತೆ ಮತ್ತೆ ತಿರುವತೊಡಗಿದರೆ, ಆ ಹಿಂಜರಿಕೆ ಉತ್ತುಂಗಕ್ಕೆ ಏರುತ್ತದೆ. ನೀವು ಓದಿದ ಪುಸ್ತಕದಲ್ಲಿ ಇದು ಎಷ್ಟು ಪುಟ ಉಳಿಯಿತು, ಯಾವ ಪುಟದಲ್ಲಿ ಮುಗಿಯಿತು, ಮುಗಿದಾಗ ನಿಮಗೆ ಸಮಾಧಾನವಾಯಿತೋ ನಿರಾಸೆಯಾಯಿತೋ ಎಂಬುದನ್ನು ಬರೆದರೆ, ‘ಭಯವಾಯಿತು’ ಎಂಬ ಒಣ ಮಾತಿನ ಅಗತ್ಯವೇ ಬೀಳುವುದಿಲ್ಲ.

ಇನ್ನು ಎಳೆಯರ ಮಾತು. ಸಾಮಾನ್ಯವಾಗಿ 12ರಿಂದ 18ರ ವಯಸ್ಸಿನವರಿಗೆಂದು ಬರೆದ ಪುಸ್ತಕಗಳಿವು. ಆ ವಯಸ್ಸಿನವರು ದೊಡ್ಡದನ್ನು ತಾಳಲಾರರೆಂದು ಯಾರೂ ಎಣಿಸಬೇಕಾಗಿಲ್ಲ. ಮೇರಿ ಶೆಲ್ಲಿ ‘ಫ್ರಾಂಕೆನ್‌ಸ್ಟೈನ್’ ಬರೆಯಲು ತೊಡಗಿದ್ದು 1816ರಲ್ಲಿ, ಹದಿನೆಂಟರ ಹರೆಯದಲ್ಲಿ. ಇಲ್ಲಿ ನಾನು ಮಕ್ಕಳಿಂದ ಮಾಡಿಸುವ ಒಂದು ಪರೀಕ್ಷೆಯಿದೆ: ಕಥೆಯಿಂದ ದೆವ್ವವನ್ನು ತೆಗೆದುಹಾಕಿ, ಉಳಿದದ್ದೇನೆಂದು ನೋಡಿರಿ. ನಮ್ಮ ಹುಡುಗಿಯ ಕಥೆಯಲ್ಲಿ ಉಳಿಯುವುದು ಒಂದು ಬಚ್ಚಿಟ್ಟ ಮಾತು. ಅಂದು ಸಂಜೆ ಅಣ್ಣನನ್ನು ಕರೆದು ತಾ ಎಂದು ಅಮ್ಮ ಹೇಳಿದ್ದಳು, ಇವಳು ಹೋಗಲಿಲ್ಲ, ಹೋಗಿದ್ದೆನೆಂದು ಸುಳ್ಳು ಹೇಳಿದಳು. ಹೀಗೆ ಏನಾದರೂ ಉಳಿದರೆ ದೆವ್ವಕ್ಕೆ ಕೆಲಸವಿದೆ. ಏನೂ ಉಳಿಯದಿದ್ದರೆ ಅದು ಬರಿಯ ಬೆದರುಬೊಂಬೆ, ಹಾಗೆಂದೇ ಬರೆಯಿರಿ. ಆಮೇಲೆ ಮುಕ್ತಾಯವನ್ನು ನೋಡಿರಿ. ಊರಾಚೆಯಿಂದ ಬಂದ ಮಂತ್ರವಾದಿ ತಾಯಿತ ಕಟ್ಟಿ ಎಲ್ಲವನ್ನೂ ಸರಿಪಡಿಸಿದರೆ ಹುಡುಗಿ ತನ್ನ ಕಥೆಯಲ್ಲೇ ನೆಂಟಳಾಗಿಬಿಡುತ್ತಾಳೆ. ಅವಳೇ ಅಮ್ಮನ ಎದುರು ನಿಂತು ‘ಅಮ್ಮಾ, ಅವತ್ತು ನಾನು ಹೋಗ್ಲಿಲ್ಲ’ ಎಂದು ಬಾಯಿಬಿಟ್ಟರೆ ಕಾದಂಬರಿ ಅವಳದಾಗುತ್ತದೆ.

ಮೂಢನಂಬಿಕೆಯ ಪ್ರಶ್ನೆಯನ್ನು ಇಲ್ಲಿಯೇ ಎತ್ತಬೇಕು. ದೆವ್ವವಿರುವ ಕಾರಣಕ್ಕೇ ಪುಸ್ತಕವೊಂದು ಮೌಢ್ಯವನ್ನು ಬಿತ್ತುತ್ತದೆ ಎನ್ನುವುದನ್ನು ನಾನು ಒಪ್ಪುವುದಿಲ್ಲ. ಆದರೆ ಮೈಮೇಲೆ ಗಾಳಿ ಬಂದಿದೆಯೆಂದು ಹೆಣ್ಣುಮಗಳೊಬ್ಬಳನ್ನು ಬೇವಿನ ಬರಲಿನಿಂದ ಹೊಡೆಯುವ ದೃಶ್ಯವಿದ್ದರೆ, ಕಾದಂಬರಿ ಯಾರ ಪರವಾಗಿ ನಿಂತಿದೆ ಎಂದು ಕೇಳಲೇಬೇಕು. ಕರ್ನಾಟಕದಲ್ಲಿ ಅಮಾನವೀಯ ದುಷ್ಟ ಪದ್ಧತಿಗಳನ್ನೂ ಮಾಟಮಂತ್ರವನ್ನೂ ತಡೆಯಲು 2017ರಲ್ಲಿ ಕಾಯ್ದೆಯೇ ಆಗಿದೆ. ಅಂಥ ಹಿಂಸೆಯನ್ನು ಚಿಕಿತ್ಸೆಯೆಂಬಂತೆ ತೋರಿಸುವ ಪುಸ್ತಕ ಎಷ್ಟೇ ರೋಚಕವಾಗಿದ್ದರೂ ನನ್ನ ಕೈಯಿಂದ ಮೆಚ್ಚುಗೆ ಪಡೆಯಲಾರದು. ಹಾಗೆಯೇ ಆತ್ಮಹತ್ಯೆ, ಲೈಂಗಿಕ ಹಿಂಸೆಯಂಥ ಪ್ರಸಂಗಗಳಿದ್ದರೆ ಒಂದು ಸಾಲಿನಲ್ಲಿ ಮುಂಚಿತವಾಗಿ ತಿಳಿಸಿರಿ.

ಭಾಷೆಯ ಬಗ್ಗೆ ಬರೆಯುವಾಗ ‘ಶೈಲಿ ಸರಳವಾಗಿದೆ’ ಎಂದು ಮುಗಿಸಬೇಡಿ. ‘ಭೀಕರ’, ‘ಘೋರ’, ‘ಕಾರ್ಗತ್ತಲು’ ಎಂಬ ಪದಗಳು ಒಂದೇ ಪುಟದಲ್ಲಿ ಎಷ್ಟು ಸಲ ಬಂದಿವೆ ಎಂದು ಎಣಿಸಿ ನೋಡಿರಿ. ಆರು ಸಲ ಬಂದಿದ್ದರೆ ಹೆದರಿಸುವ ಕೆಲಸವನ್ನು ಲೇಖಕರು ವಿಶೇಷಣಗಳಿಗೆ ಒಪ್ಪಿಸಿದ್ದಾರೆ ಎಂದರ್ಥ. ಮಂಡ್ಯದ ಹುಡುಗಿ ಗೆಳತಿಯೊಡನೆ ಪಠ್ಯಪುಸ್ತಕದ ಕನ್ನಡದಲ್ಲಿ ಮಾತನಾಡಿದರೆ ಅದೂ ಹೇಳಬೇಕಾದ ಸಂಗತಿಯೇ.

ಬರೆಯಲು ಕುಳಿತಾಗ ಐನೂರು ಪದಗಳನ್ನು ಮೀರದಂತೆ ನೋಡಿಕೊಳ್ಳಿರಿ. ಕಥೆಯ ಮೊದಲ ಮೂರನೆಯ ಒಂದು ಭಾಗದಾಚೆಗಿನ ಘಟನೆಗಳನ್ನು ಬಯಲು ಮಾಡಬಾರದು. ಈ ಮಾತನ್ನು ಒತ್ತಿ ಹೇಳಲು ಕಾರಣವಿದೆ. ಹಿಂದೊಮ್ಮೆ ನಾನು ಮೈಸೂರಿನ ಸಭೆಯೊಂದರಲ್ಲಿ ಕಾದಂಬರಿಯೊಂದನ್ನು ಹೊಗಳುವ ಭರದಲ್ಲಿ ಅದರ ಗುಟ್ಟನ್ನು ಬಾಯಿಬಿಟ್ಟೆ; ಸಭೆ ಮುಗಿದ ಮೇಲೆ ಹುಡುಗನೊಬ್ಬ ಚೀಲದಿಂದ ಅದೇ ಪುಸ್ತಕವನ್ನು ತೆಗೆದು, ಅರ್ಧಕ್ಕೆ ಇಟ್ಟಿದ್ದ ಗುರುತನ್ನು ನನಗೆ ತೋರಿಸಿದ. ಅವನ ಓದನ್ನು ನಾನು ಕಸಿದುಕೊಂಡಿದ್ದೆ. ಮುಕ್ತಾಯ ಸೋತಿದ್ದರೆ ಅದನ್ನೂ ಗುಟ್ಟು ಬಿಡದೆ ಹೇಳಬಹುದು: ‘ಹುಡುಗಿ ತೆಗೆದುಕೊಳ್ಳಬೇಕಾಗಿದ್ದ ನಿರ್ಧಾರವನ್ನು ಕೊನೆಯ ಎರಡು ಅಧ್ಯಾಯಗಳಲ್ಲಿ ಹಿರಿಯರು ತೆಗೆದುಕೊಳ್ಳುತ್ತಾರೆ’ ಎಂದರೆ ದೋಷವೂ ತಿಳಿಯಿತು, ಕಥೆಯೂ ಉಳಿಯಿತು.

ಬರೆದದ್ದನ್ನು ಒಂದು ರಾತ್ರಿ ಹಾಗೆಯೇ ಬಿಟ್ಟು, ಮರುದಿನ ಆ ಪುಸ್ತಕ ಓದಿರದ ಒಬ್ಬರಿಗೆ ಗಟ್ಟಿಯಾಗಿ ಓದಿ ಹೇಳಿರಿ. ‘ಆಮೇಲೆ ಏನಾಯ್ತು?’ ಎಂದು ಅವರು ಕೇಳಿದರೆ ಉತ್ತರ ಕೊಡದೆ ಪುಸ್ತಕವನ್ನು ಅವರ ಕೈಗಿಡಿ. ‘ಅದೆಲ್ಲ ಸರಿ, ನಿಂಗೆ ಹೇಗನ್ನಿಸ್ತು?’ ಎಂದು ಕೇಳಿದರೆ, ಚೀಟಿಯಿಟ್ಟ ಪುಟಗಳಿಗೆ ಇನ್ನೊಮ್ಮೆ ಹೋಗಿ ಬನ್ನಿ.