ಕೀಲಿಕೈ ಬಿಟ್ಟುಕೊಡುವುದಕ್ಕೆ ನನಗೆ ಎರಡು ವರ್ಷ ಹಿಡಿಯಿತು

ನನ್ನ ಓಪನ್ ಸೋರ್ಸ್ ಲೈಬ್ರರಿಯ ಪರಿಚಯ ಪುಟ, ಅಂದರೆ ರೀಡ್‌ಮೀ ಕಡತದ ನೆತ್ತಿಯ ಮೇಲೆ ದಪ್ಪಕ್ಷರದಲ್ಲಿ "ಮೇಂಟೇನರ್‌ಗಳು (ಕೋಡನ್ನು ನೋಡಿಕೊಳ್ಳುವವರು) ಬೇಕಾಗಿದ್ದಾರೆ" ಅಂತ ಬರೆದು ಹದಿನಾಲ್ಕು ತಿಂಗಳು ಕಾದೆ. ಬಂದವರು ಇಬ್ಬರೇ. ಮೊದಲನೆಯವರು "ನಾನು ರೆಡಿ, ಏನು ಮಾಡಲಿ?" ಎಂದು ಕೇಳಿದರು. ನಾನು ಮೂರು ವಾರ ಬಿಟ್ಟು ಉತ್ತರ ಕೊಟ್ಟೆ, ಅಷ್ಟು ಹೊತ್ತಿಗೆ ಅವರ ಉತ್ಸಾಹ ಆರಿತ್ತು. ಎರಡನೆಯವರಿಗೆ ಮೊದಲ ದಿನವೇ ರೆಪೊದ, ಅಂದರೆ ಗಿಟ್‌ಹಬ್‌ನಲ್ಲಿ ಕೋಡ್ ಇಟ್ಟಿರುವ ಜಾಗದ, ಪೂರ್ತಿ ಹಕ್ಕು ಬೇಕಿತ್ತು. ನಮ್ಮಲ್ಲಿ ಅವರದ್ದೊಂದು ಕಮಿಟ್ (ಕೋಡಿನ ಬದಲಾವಣೆ) ಇರಲಿ, ಒಂದು ಕಾಮೆಂಟ್ ಕೂಡ ಇರಲಿಲ್ಲ.

ನಮ್ಮದು ಚಿಕ್ಕ ಪೈಥಾನ್ ಲೈಬ್ರರಿ. ಜನ ಹೇಗೆ ಹೇಗೋ ಬರೆದ ದಿನಾಂಕಗಳನ್ನು ಓದಿ ಒಂದೇ ರೂಪಕ್ಕೆ ತರುವುದು ಅದರ ಕೆಲಸ. 03/04 ಅಂದರೆ ಏಪ್ರಿಲ್ ಮೂರೋ ಮಾರ್ಚ್ ನಾಲ್ಕೋ ಅನ್ನೋ ಜಗಳಕ್ಕೇ ಇಪ್ಪತ್ತಕ್ಕೂ ಹೆಚ್ಚು ಇಶ್ಯೂಗಳಿದ್ದವು (ಬಳಸುವವರು ಬರೆದ ದೂರು, ಪ್ರಶ್ನೆಗಳು). ಏಳು ವರ್ಷ ಒಬ್ಬನೇ ನೋಡಿಕೊಂಡೆ. ಕೊನೆಕೊನೆಗೆ ನೋಟಿಫಿಕೇಶನ್ ಬಂದರೆ ಫೋನನ್ನು ಮಗುಚಿ ಇಡುತ್ತಿದ್ದೆ.

ಹೊಸಬರನ್ನು ಎಲ್ಲಿ ಹುಡುಕಬೇಕು ಅಂತ ತಲೆ ಕೆಡಿಸಿಕೊಂಡಿದ್ದಾಗ ಒಂದು ರಾತ್ರಿ, ಬೇರೆ ಯಾವುದೋ ಕಾರಣಕ್ಕೆ, ಹಳೆಯ ಪುಲ್ ರಿಕ್ವೆಸ್ಟ್‌ಗಳನ್ನು (ನನ್ನ ಬದಲಾವಣೆ ಸೇರಿಸಿಕೊಳ್ಳಿ ಅನ್ನೋ ಕೋರಿಕೆಗಳನ್ನು) ಕೆದಕುತ್ತಿದ್ದೆ. ಹನ್ನೊಂದು ತಿಂಗಳ ಹಿಂದಿನ ಒಂದು ಪ್ಯಾಚ್ (ತಿದ್ದುಪಡಿ) ಕಣ್ಣಿಗೆ ಬಿತ್ತು. ಮೂರೇ ಸಾಲು. ಎಕ್ಸೆಲ್ ದಿನಾಂಕಗಳನ್ನು ಸಂಖ್ಯೆಗಳಾಗಿ ಇಟ್ಟುಕೊಳ್ಳುತ್ತದೆ, 1900ರ ಜನವರಿ 1 ಅಂದರೆ 1. ಆದರೆ ಅದರ ಲೆಕ್ಕದಲ್ಲಿ 60 ಅಂದರೆ 1900ರ ಫೆಬ್ರವರಿ 29. ಅಂಥ ದಿನವೇ ಇರಲಿಲ್ಲ, 1900 ಅಧಿಕ ವರ್ಷವಲ್ಲ. ಲೋಟಸ್ 1-2-3 ಅನ್ನೋ ಹಳೆಯ ಸ್ಪ್ರೆಡ್‌ಶೀಟ್‌ನ ಕಡತಗಳ ಜೊತೆ ಹೊಂದಿಕೆಯಾಗಲಿ ಅಂತ ಆ ತಪ್ಪನ್ನು ತಪ್ಪಾಗಿಯೇ ಉಳಿಸಿಕೊಂಡಿದ್ದಾರೆ. ಹಾಗಾಗಿ ಓದುವವರು 61 ಮತ್ತು ಅದರಾಚೆಯ ಸಂಖ್ಯೆಗಳಿಗೆ ಒಂದು ದಿನ ಕಳೆಯಬೇಕು. ನನ್ನ ಕೋಡ್ ಎಲ್ಲ ಸಂಖ್ಯೆಗೂ ಕಳೆಯುತ್ತಿತ್ತು. ಅದನ್ನು ಹಿಡಿದವರು ಯಾರೋ ಅಪರಿಚಿತರು, ಕಾರಣವನ್ನೂ ಒಂದು ಪ್ಯಾರಾದಲ್ಲಿ ಅಚ್ಚುಕಟ್ಟಾಗಿ ಬರೆದಿದ್ದರು.

ಅದರ ಕೆಳಗೆ ಏಳು ವಾರಗಳ ನಂತರದ ನನ್ನ ಉತ್ತರ: "ಟೆಸ್ಟ್ ಸೇರಿಸಿ." ನಮಸ್ಕಾರ ಇಲ್ಲ, ಥ್ಯಾಂಕ್ಸ್ ಇಲ್ಲ. ಟೆಸ್ಟ್‌ಗಳು (ಕೋಡ್ ಸರಿಯಿದೆಯೇ ಅಂತ ಪರೀಕ್ಷಿಸುವ ಚಿಕ್ಕ ಕೋಡ್) ಯಾವ ಫೋಲ್ಡರ್‌ನಲ್ಲಿವೆ, ಹೇಗೆ ಓಡಿಸಬೇಕು ಅನ್ನುವುದೂ ಇಲ್ಲ. ಅವರು ಮತ್ತೆ ಬಂದಿರಲಿಲ್ಲ. ನಾನಾಗಿದ್ದರೂ ಬರುತ್ತಿರಲಿಲ್ಲ.

ಆ ರಾತ್ರಿಯೇ ಟೆಸ್ಟ್ ನಾನೇ ಬರೆದೆ. 59, 60, 61 ಮೂರಕ್ಕೂ ಸೇರಿ ಹತ್ತು ನಿಮಿಷದ ಕೆಲಸ. ಪ್ಯಾಚನ್ನು ಅವರ ಹೆಸರಲ್ಲೇ ಮರ್ಜ್ ಮಾಡಿ (ಮೂಲ ಕೋಡಿಗೆ ಸೇರಿಸಿ), ತಡವಾದದ್ದಕ್ಕೆ ಕ್ಷಮೆ ಕೇಳಿ, ಅವರ ವಿವರಣೆಯಿಂದ ನಾನು ಏನು ಕಲಿತೆ ಅಂತ ನಾಲ್ಕು ಸಾಲು ಬರೆದೆ. ಮರುದಿನ ಉತ್ತರ ಬಂತು: ಇದೇ ಥರದ್ದು ಇನ್ನೂ ಎರಡು ಕಡೆ ಇದೆ, ನೋಡಲಾ? ಇವತ್ತು ನಮ್ಮ ರಿಲೀಸ್‌ಗಳ (ಹೊಸ ಆವೃತ್ತಿಗಳ ಬಿಡುಗಡೆಗಳ) ಪೈಕಿ ಅರ್ಧಕ್ಕಿಂತ ಹೆಚ್ಚು ಮಾಡುವುದು ಅವರೇ.

ಆಮೇಲೆ ಹೊರಗೆ ಹುಡುಕುವುದನ್ನೇ ಬಿಟ್ಟೆ. ಎರಡು ವರ್ಷಗಳಲ್ಲಿ ಬಂದು ಹೋದವರ ಪಟ್ಟಿ ಮಾಡಿ, ಯಾರು ಯಾಕೆ ನಿಂತರು ಅಂತ ಒಂದೊಂದೇ ಓದಿದೆ. ಓದುವುದಕ್ಕೆ ಹಿತವಾಗಿರಲಿಲ್ಲ. ಹೆಚ್ಚಿನ ಕಡೆ ಕೊನೆಯ ಮಾತು ಅವರದ್ದು, ಮೌನ ನನ್ನದು. ಹನ್ನೆರಡು ಜನಕ್ಕೆ ಬರೆದೆ. ಎಲ್ಲರಿಗೂ ಒಂದೇ ಕಾಗದ ಅಲ್ಲ, ಅವರವರು ಮಾಡಿದ್ದನ್ನೇ ಎತ್ತಿ ಹೇಳಿದೆ. ಐದು ಜನ ಉತ್ತರಿಸಿದರು, ಮೂವರು ಉಳಿದರು. ಆ ಮೂವರಲ್ಲೂ ಒಬ್ಬರು ನಾಲ್ಕು ತಿಂಗಳಿಗೆ ಮನೆಯ ಕಾರಣ ಹೇಳಿ ಬಿಟ್ಟರು. ಹೇಳಿ ಬಿಟ್ಟರಲ್ಲ, ಅದು ದೊಡ್ಡದು.

ನನಗೆ ನಾನೇ ಹಾಕಿಕೊಂಡ ನಿಯಮ ಒಂದೇ. ಹೊಸಬರ ಮೊದಲ ಪುಲ್ ರಿಕ್ವೆಸ್ಟ್‌ಗೆ ಎರಡು ದಿನದೊಳಗೆ ಏನಾದರೂ ಹೇಳುವುದು. ಪೂರ್ತಿ ರಿವ್ಯೂ ಆಗಬೇಕಿಲ್ಲ. "ನೋಡಿದೆ, ಶನಿವಾರ ಕೂತು ಓದುತ್ತೇನೆ" ಅಂದರೂ ಸಾಕು, ಶನಿವಾರ ಓದಿದರೆ.

ಹೊಸಬರಿಗೆ ತಕ್ಕ ಕೆಲಸ ಅಂತ ಗುರುತಿಸುವ ಗಿಟ್‌ಹಬ್‌ನ "ಗುಡ್ ಫಸ್ಟ್ ಇಶ್ಯೂ" ಲೇಬಲ್ ಬಗ್ಗೆ ಎಲ್ಲರೂ ಹೇಳುತ್ತಾರೆ. ನಾನೂ ಹಚ್ಚಿದೆ, ಒಂದೇ ಸಲ ಮೂವತ್ತಕ್ಕೆ. ಅದೇ ಅಕ್ಟೋಬರ್‌ನಲ್ಲಿ ಪುಲ್ ರಿಕ್ವೆಸ್ಟ್ ಎಣಿಸಿ ಟೀ ಶರ್ಟ್ ಕೊಡುವ ಒಂದು ಅಭಿಯಾನವೂ ನಡೆಯುತ್ತಿತ್ತು. ಬಂದದ್ದೆಲ್ಲ ಹೀಗೆ: ಒಂದರಲ್ಲಿ ರೀಡ್‌ಮೀಗೆ ಒಂದು ಪೂರ್ಣವಿರಾಮ, ಇನ್ನೊಂದರಲ್ಲಿ "ಅದ್ಭುತ" ಅನ್ನೋ ವಿಶೇಷಣ, ಮತ್ತೊಂದರಲ್ಲಿ ಬರೀ ಖಾಲಿ ಸಾಲು. ಒಂದು ವಾರ ಮುಚ್ಚುವುದೇ ಕೆಲಸವಾಯಿತು. ಈಗ ಒಮ್ಮೆಗೆ ಎರಡಕ್ಕಿಂತ ಹೆಚ್ಚು ಹಚ್ಚುವುದಿಲ್ಲ. ಆ ಎರಡರಲ್ಲೂ ಯಾವ ಫೈಲು, ಯಾವ ಫಂಕ್ಷನ್, ಈಗ ಏನು ಬರುತ್ತಿದೆ, ಏನು ಬರಬೇಕು, ಟೆಸ್ಟ್ ಎಲ್ಲಿ ಎಲ್ಲವೂ ಇರುತ್ತದೆ. ಐದು ನಿಮಿಷದಲ್ಲಿ ನಾನೇ ಸರಿ ಮಾಡಬಹುದಾದ್ದಕ್ಕೆ ನಲವತ್ತು ನಿಮಿಷ ಬರೆಯುವುದು ಮೊದಮೊದಲು ಮೂರ್ಖತನ ಅನಿಸಿತ್ತು. ಆ ಐದು ನಿಮಿಷ ಉಳಿಸುತ್ತಾ ಉಳಿಸುತ್ತಾ ತಾನೇ ನಾನು ಒಬ್ಬನೇ ಆಗಿದ್ದು.

ನನಗೆ ಸಿಕ್ಕ ಅತಿ ಒಳ್ಳೆಯ ಸಹಾಯಕಿ ಕೋಡ್ ಬರೆಯುವವರಲ್ಲ. ಲೈಬ್ರರಿ ಬಳಸುತ್ತಿದ್ದರು, ಬೇರೆಯವರ ಇಶ್ಯೂಗಳಿಗೆ ತಾವಾಗಿಯೇ ಉತ್ತರಿಸುತ್ತಿದ್ದರು: "ನಿಮ್ಮ ಪೈಥಾನ್ ಆವೃತ್ತಿ ಯಾವುದು? ಇದು ಆ ಹಳೆಯ ಬಗ್ ಅಲ್ಲವೇ?" ಇವರನ್ನು ನಾನು ವರ್ಷಗಟ್ಟಲೆ ಬರೀ ಬಳಕೆದಾರರು ಅಂದುಕೊಂಡಿದ್ದೆ. ಟ್ರಯೇಜ್ ಹಕ್ಕು (ಇಶ್ಯೂಗಳನ್ನು ವಿಂಗಡಿಸುವ ಹಕ್ಕು) ಕೊಡೋಣ ಅಂತ ಹೋದರೆ, ಸ್ವಂತ ಖಾತೆಯ ಕೆಳಗಿರುವ ರೆಪೊದಲ್ಲಿ ಆ ಆಯ್ಕೆಯೇ ಇಲ್ಲ. ಬರೆಯುವ ಹಕ್ಕು ಕೊಡಬೇಕು, ಇಲ್ಲವೇ ಸುಮ್ಮನಿರಬೇಕು. ರೆಪೊವನ್ನು ಒಂದು ಆರ್ಗನೈಸೇಶನ್ ಕೆಳಗೆ ಸಾಗಿಸಿದ ಮೇಲೆ ಟ್ರಯೇಜ್ ಪಾತ್ರ ಸಿಕ್ಕಿತು. ಕೋಡ್ ಮುಟ್ಟದೆ ಇಶ್ಯೂಗಳನ್ನು ಮುಚ್ಚಬಹುದು, ಲೇಬಲ್ ಹಚ್ಚಬಹುದು. ಹಳೆಯ ಕೊಂಡಿಗಳು ತಾವೇ ಹೊಸ ಜಾಗಕ್ಕೆ ತಿರುಗಿಕೊಂಡವು. ರೆಪೊದ ವಿಳಾಸದಿಂದ ನನ್ನ ಹೆಸರು ಹೋದದ್ದು ಮಾತ್ರ ಸ್ವಲ್ಪ ಕಸಿವಿಸಿಯಾಯಿತು, ಸುಳ್ಳೇಕೆ.

ಇನ್ನು ಕೀಲಿಕೈ. ಅಪರಿಚಿತರಿಗೆ ರಿಲೀಸ್ ಹಕ್ಕು ಕೊಡಲು ಹೆದರುವುದಕ್ಕೆ ಕಾರಣವಿದೆ. ಕಡತಗಳನ್ನು ಕುಗ್ಗಿಸುವ ಎಕ್ಸ್‌ಝಡ್ ಅನ್ನೋ ತಂತ್ರಾಂಶದ ಕಥೆ ಗೊತ್ತಿರುವವರಿಗೆ ಅದು ಅರ್ಥವಾಗುತ್ತದೆ. ದಣಿದ ಒಬ್ಬ ಮೇಂಟೇನರ್, ಎರಡು ವರ್ಷಕ್ಕೂ ಹೆಚ್ಚು ಕಾಲ ತಾಳ್ಮೆಯಿಂದ ಪ್ಯಾಚ್ ಕಳಿಸಿದ ಒಬ್ಬ ಸ್ವಯಂಸೇವಕ, ಪಕ್ಕದಲ್ಲಿ "ಯಾಕಿಷ್ಟು ನಿಧಾನ, ಬೇರೆಯವರಿಗೆ ಬಿಟ್ಟುಕೊಡಿ" ಅಂತ ಒತ್ತಡ ಹಾಕಿದ ಹೆಸರುಗಳು. 2024ರ ಫೆಬ್ರವರಿಯ 5.6.0 ಆವೃತ್ತಿಯಲ್ಲಿ ಆ ಸ್ವಯಂಸೇವಕನ ಕೈಯಿಂದಲೇ ಹಿಂಬಾಗಿಲು (ಕಂಪ್ಯೂಟರ್‌ಗೆ ನುಗ್ಗುವ ಕಳ್ಳದಾರಿ) ಸೇರಿತು. ದೂರದ ಕಂಪ್ಯೂಟರ್‌ಗೆ ಹೋಗುವ ಎಸ್‌ಎಸ್‌ಎಚ್ ಲಾಗಿನ್ ಸುಮಾರು ಅರ್ಧ ಸೆಕೆಂಡ್ ತಡವಾಗುತ್ತಿದೆಯಲ್ಲ ಅಂತ ಆಂಡ್ರೆಸ್ ಫ್ರಾಯ್ಂಡ್ ಅನ್ನೋ ಎಂಜಿನಿಯರ್ ಬೆನ್ನು ಹತ್ತಿದ್ದರಿಂದ ಮಾರ್ಚ್ 29ರಂದು ಅದು ಬಯಲಾಯಿತು. ಅದನ್ನು ಓದಿ ನಾನು ಆರು ತಿಂಗಳು ಯಾರಿಗೂ ಏನೂ ಕೊಡಲಿಲ್ಲ. ಆಮೇಲೆ ಹೊಳೆಯಿತು, ಆ ಕಥೆಯಲ್ಲಿರುವ ಒಬ್ಬಂಟಿ ದಣಿದ ಮನುಷ್ಯ ನಾನೇ. ಹಕ್ಕನ್ನು ಬಿಗಿಹಿಡಿದರೆ ಆ ಸ್ಥಿತಿ ಇನ್ನಷ್ಟು ಹದಗೆಡುತ್ತದೆ ಅಷ್ಟೆ.

ಹಾಗಾಗಿ ಮನುಷ್ಯರನ್ನು ಅಳೆಯುವ ಬದಲು ದಾರಿಯನ್ನು ಬದಲಾಯಿಸಿದೆ. ಪೈಥಾನ್ ಪ್ಯಾಕೇಜ್‌ಗಳ ಭಂಡಾರವಾದ ಪೈಪಿಐಗೆ ಅಪ್‌ಲೋಡ್ ಮಾಡಲು ನನ್ನ ಲ್ಯಾಪ್‌ಟಾಪ್‌ನಲ್ಲಿದ್ದ ಟೋಕನ್ (ಪಾಸ್‌ವರ್ಡ್‌ನಂಥದ್ದು) ಅಳಿಸಿ, ಟ್ರಸ್ಟೆಡ್ ಪಬ್ಲಿಶಿಂಗ್‌ಗೆ ಹೋದೆವು. ಪ್ಯಾಕೇಜ್ ಈಗ ಗಿಟ್‌ಹಬ್‌ನಲ್ಲಿ ತಾನೇ ಓಡುವ ವರ್ಕ್‌ಫ್ಲೋದಿಂದಲೇ ಹೊರಡುತ್ತದೆ, ಯಾರ ಜೇಬಿನಲ್ಲೂ ಶಾಶ್ವತ ಟೋಕನ್ ಇಲ್ಲ. ಮುಖ್ಯ ಬ್ರ್ಯಾಂಚ್‌ಗೆ ಇನ್ನೊಬ್ಬರ ಒಪ್ಪಿಗೆ ಇಲ್ಲದೆ ಏನೂ ಹೋಗುವುದಿಲ್ಲ, ನನ್ನದೂ ಸೇರಿ.

ಎಕ್ಸೆಲ್ ಪ್ಯಾಚ್ ಕಳಿಸಿದವರ ಕೈಲಿ ಮೊದಲ ಸಲ ರಿಲೀಸ್ ಮಾಡಿಸಿದ ದಿನ ಸ್ಕ್ರೀನ್ ಅವರದ್ದು, ನಾನು ಕೈಕಟ್ಟಿ ಕೂತಿದ್ದೆ. ಹಿಂದಿನ ವಾರ ಹಂತಗಳನ್ನೆಲ್ಲ ಬರೆದಿಟ್ಟಿದ್ದೆ, ಹದಿನೇಳು ಆಗಿದ್ದವು. ಹದಿನೆಂಟನೆಯದು ನನ್ನ ತಲೆಯಲ್ಲೇ ಉಳಿದಿತ್ತು: ಬಿಲ್ಡ್ ಪಟ್ಟಿಗೆ (ಪ್ಯಾಕೇಜ್‌ನಲ್ಲಿ ಏನೇನು ಹೋಗಬೇಕು ಅನ್ನೋ ಪಟ್ಟಿಗೆ) ಹೊಸ ಫೋಲ್ಡರ್ ಸೇರಿಸುವುದು. ಹೊರಗೆ ಹೋದ ಪ್ಯಾಕೇಜ್‌ನಲ್ಲಿ ಅರ್ಧ ಕೋಡ್ ಇರಲಿಲ್ಲ, ಇಂಪೋರ್ಟ್ ಮಾಡಿದ ಕೂಡಲೇ ಬೀಳುತ್ತಿತ್ತು. ಪೈಪಿಐಯಲ್ಲಿ ಒಮ್ಮೆ ಹೋದ ಫೈಲಿನ ಹೆಸರಲ್ಲಿ ಮತ್ತೆ ಅಪ್‌ಲೋಡ್ ಮಾಡಲು ಬರುವುದಿಲ್ಲ, ಅಳಿಸಿದರೂ ಅಷ್ಟೆ. ಆ ಆವೃತ್ತಿಯನ್ನು ಯಾಂಕ್ ಮಾಡಿ (ಬಳಸಬೇಡಿ ಅಂತ ಗುರುತು ಹಾಕಿ) ಮುಂದಿನ ಸಂಖ್ಯೆ ಬಿಟ್ಟೆವು. ಅವರು ಕ್ಷಮೆ ಕೇಳುತ್ತಲೇ ಇದ್ದರು. ತಪ್ಪು ನನ್ನ ಪಟ್ಟಿಯದ್ದು ಅಂತ ಚೇಂಜ್‌ಲಾಗ್‌ನಲ್ಲೇ ಬರೆದೆ, ಪಟ್ಟಿಗೆ ಹದಿನೆಂಟನೆಯದನ್ನು ಅವರೇ ಸೇರಿಸಿದರು.

ಕಳೆದ ತಿಂಗಳು ನಾನೊಂದು ಪುಲ್ ರಿಕ್ವೆಸ್ಟ್ ಹಾಕಿದೆ, ಅವಸರದ ಎರಡು ಸಾಲು. ಮರುದಿನ ಅವರ ರಿವ್ಯೂ: ಚೆನ್ನಾಗಿದೆ, ಆದರೆ ಟೆಸ್ಟ್ ಬೇಕು, ಈ ಫೈಲಿನ ಕೊನೆಗೆ ಸೇರಿಸಬಹುದು, ಇದರಂತೆಯೇ ಇರುವ ಹಳೆಯ ಟೆಸ್ಟ್ ಇಲ್ಲಿದೆ. ಸೇರಿಸಿದೆ. ಟೈಮ್‌ಝೋನ್ ಭಾಗಕ್ಕೆ ಮಾತ್ರ ಇನ್ನೂ ಯಾರೂ ಸಿಕ್ಕಿಲ್ಲ. ಅಲ್ಲಿಗೆ ಬಂದವರೆಲ್ಲ ಒಂದು ಪ್ಯಾಚ್ ಕೊಟ್ಟು ಓಡಿಹೋಗುತ್ತಾರೆ, ಅವರನ್ನು ದೂರುವ ಮನಸ್ಸು ನನಗಿಲ್ಲ.